‘ಸಿನ್ಸ್ ಫೈವ್ ಇಯರ್ಸ್’ ಯಾಕೆ ತಪ್ಪು? ‘ಸಿನ್ಸ್’ ಎಲ್ಲೆಲ್ಲಿ ಬರುತ್ತದೆ?

‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂದಿದ್ದಕ್ಕೆ ಇಂಟರ್‌ವ್ಯೂನಲ್ಲಿ ತಿದ್ದಿದರು, ತಪ್ಪೇನು ಅಂತ ಕೇಳಿದ್ದೀರಿ. ನಾವು ಕನ್ನಡದವರು ಹೆಚ್ಚಿನವರು ಹೀಗೇ ಹೇಳುತ್ತೇವೆ. ಅದಕ್ಕೆ ಕಾರಣ ನಮ್ಮ ‘ಇಂದ’.

‘2019ರಿಂದ ಇಲ್ಲಿದ್ದೇನೆ’ ಅನ್ನುತ್ತೇವೆ, ‘ಐದು ವರ್ಷದಿಂದ ಇಲ್ಲಿದ್ದೇನೆ’ ಅಂತಲೂ ಅನ್ನುತ್ತೇವೆ. ಮೊದಲನೆಯದು ಯಾವಾಗ ಶುರುವಾಯಿತು ಅನ್ನೋದು, ಎರಡನೆಯದು ಎಷ್ಟು ಕಾಲ ಆಯಿತು ಅನ್ನೋದು. ಕನ್ನಡಕ್ಕೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಶುರುವಾದ ಹೊತ್ತಿಗೆ ಸಿನ್ಸ್, ಕಳೆದ ಕಾಲಕ್ಕೆ ಫಾರ್. ಅಂದರೆ ಸಿನ್ಸ್ 2019, ಸಿನ್ಸ್ ಮಂಡೇ, ಸಿನ್ಸ್ ಐ ಗಾಟ್ ಮ್ಯಾರೀಡ್. ಆದರೆ ಫಾರ್ ಫೈವ್ ಇಯರ್ಸ್, ಫಾರ್ ಟೂ ಅವರ್ಸ್.

ನಿಮ್ಮ ವಾಕ್ಯದಲ್ಲಿ ಇನ್ನೊಂದು ತೊಡಕೂ ಇದೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ‘ಆಮ್ ವರ್ಕಿಂಗ್’ ಸಾಲದು, ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ನನ್ನ ಪ್ರಕಾರ ಕನ್ನಡಿಗರಿಗೆ ಜಾಸ್ತಿ ಕಷ್ಟ ಕೊಡೋದು ಇದೇ. ನಮ್ಮಲ್ಲಿ ‘ಮಾಡುತ್ತಿದ್ದೇನೆ’ ಅಂದರೆ ಅಷ್ಟೇ ಸಾಕು!

ಸಿನ್ಸ್‌ಗೆ ಎರಡನೇ ಅರ್ಥವೂ ಇದೆ, ಕಾರಣ ಹೇಳೋದು. ‘ಸಿನ್ಸ್ ಇಟ್ ವಾಸ್ ರೇನಿಂಗ್, ವಿ ಸ್ಟೇಯ್ಡ್ ಹೋಮ್’: ಮಳೆ ಬರುತ್ತಿದ್ದುದರಿಂದ ಮನೆಯಲ್ಲೇ ಉಳಿದೆವು. ಇಲ್ಲೂ ‘ಇಂದ’ ಬಂತು, ಅಲ್ವಾ? ಹಾಗಂತ ಬಿಕಾಸ್ ಇರುವ ಕಡೆಯೆಲ್ಲ ಸಿನ್ಸ್ ಹಾಕಬೇಡಿ. ಕಾರಣ ಎದುರಿನವರಿಗೆ ಆಗಲೇ ಗೊತ್ತಿದ್ದು, ಮುಂದಿನ ಮಾತು ಮುಖ್ಯವಾದಾಗ ಸಿನ್ಸ್ ಚೆನ್ನ. ಆದರೆ ‘ವೈ ಆರ್ ಯೂ ಲೇಟ್?’ ಅಂತ ಕೇಳಿದರೆ ಬಿಕಾಸ್ ಅಂತಲೇ ಉತ್ತರ ಕೊಡಿ.

ಸಿನ್ಸ್ ಕಾಲಕ್ಕೆ ಮಾತ್ರ, ಕಾರಣಕ್ಕೆ ಬಳಸಬಾರದು ಅನ್ನುವವರೂ ಸಿಗುತ್ತಾರೆ. ಅದು ಸುಮ್ನೆ ಹಟ. ಇಂಗ್ಲಿಷಿನವರು ಶತಮಾನಗಳಿಂದ ಎರಡಕ್ಕೂ ಬಳಸುತ್ತಿದ್ದಾರೆ. ಎಚ್ಚರ ಬೇಕಾಗಿರೋದು ಎರಡು ಅರ್ಥವೂ ಹೊಂದುವ ಕಡೆ. ‘ಸಿನ್ಸ್ ಶೀ ಜಾಯಿನ್ಡ್, ಸೇಲ್ಸ್ ಹ್ಯಾವ್ ಗಾನ್ ಅಪ್’. ಆಕೆ ಸೇರಿದಾಗಿನಿಂದಲೋ, ಸೇರಿದ್ದರಿಂದಲೋ? ಕನ್ನಡದಲ್ಲಿ ಈ ಗೊಂದಲ ಬರೋದೇ ಇಲ್ಲ. ಆಫೀಸಿನ ಮೇಲ್‌ನಲ್ಲಿ ಇಂಥದ್ದು ಬಂದರೆ, ಕಾರಣ ಹೇಳುವುದಾದರೆ ಬಿಕಾಸ್ ಅಂತ ಬಿಡಿಸಿ ಬರೆಯಿರಿ.

ಹಾಂ, ‘ಇಟ್ಸ್ ಟೂ ಇಯರ್ಸ್ ಸಿನ್ಸ್ ವಿ ಮೆಟ್’ ಅನ್ನೋದನ್ನು ನೋಡಿ ಗಾಬರಿಯಾಗಬೇಡಿ. ಅಲ್ಲಿ ಟೂ ಇಯರ್ಸ್ ಇರುವುದು ಸಿನ್ಸ್‌ಗಿಂತ ಮೊದಲು. ಸಿನ್ಸ್ ಆದ ಮೇಲೆ ಬಂದಿರೋದು ಭೇಟಿಯಾದ ಗಳಿಗೆ, ಹಾಗಾಗಿ ಅದು ಸರಿಯೇ.