ಸಂಜೆ ಆರಕ್ಕೆ ಆಫೀಸಿನಿಂದ ಹೊರಡುವ ಸೋದರಿಗೆ

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಪಕ್ಕಕ್ಕೆ ತೆಗೆದಿಟ್ಟೆ. ನಾಲ್ಕು ಸಾಲಿನಲ್ಲಿ ಉತ್ತರಿಸಿ ಕಳಿಸುವ ಪತ್ರ ಅದಲ್ಲ ಅನ್ನಿಸಿತು. ಬರೆದವರು ಮಂಡ್ಯದವರು, ಹೆಸರು ಬೇಡ ಎಂದಿದ್ದಾರೆ. ಮೈಸೂರಿನ ಹೆಬ್ಬಾಳದ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಏಳು ವರ್ಷದಿಂದ ಟೆಸ್ಟಿಂಗ್ ಕೆಲಸ, ಅಂದರೆ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಕೆಲಸ. ದಿನಾ ರೈಲಿನಲ್ಲಿ ಓಡಾಟ. ಪತ್ರದ ಮುಖ್ಯ ಭಾಗ ಹೀಗಿದೆ:

“ಈ ವರ್ಷದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಹೇಳಿದರು: ನಿಮ್ಮ ಕೆಲಸದಲ್ಲಿ ತಪ್ಪೇನಿಲ್ಲ, ಆದರೆ ನೀವು ಯಾರಿಗೂ ಕಾಣಿಸುವುದಿಲ್ಲ. ಪರ್ಸನಲ್ ಬ್ರ್ಯಾಂಡ್ ಬೆಳೆಸಿಕೊಳ್ಳಿ, ಲಿಂಕ್ಡ್‌ಇನ್‌ನಲ್ಲಿ ಬರೆಯಿರಿ ಅಂದರು. ಬಡ್ತಿ ನನ್ನ ಜೊತೆಯವರಿಗೆ ಸಿಕ್ಕಿತು. ಅವರು ರಾತ್ರಿ ಹನ್ನೊಂದಕ್ಕೂ ಮೇಲ್ ಕಳಿಸುತ್ತಾರೆ. ನಾನು ಆರಕ್ಕೆ ಎದ್ದರೆ ಅಕ್ಕಪಕ್ಕದವರು ಗಡಿಯಾರ ನೋಡುತ್ತಾರೆ. ರೈಲು ತಪ್ಪಿದರೆ ನಾನು ಮನೆ ಸೇರುವಷ್ಟರಲ್ಲಿ ಮಗು ಮಲಗಿರುತ್ತದೆ. ಈಗೀಗ ಕೆಲಸ ಅಷ್ಟಿಲ್ಲದಿದ್ದರೂ ಬ್ಯುಸಿ ಅನ್ನುವುದನ್ನು ಕಲಿತಿದ್ದೇನೆ. ಮಳವಳ್ಳಿಯಿಂದ ಅಮ್ಮ ಫೋನ್ ಮಾಡಿದರೂ ಬಾಯಿಗೆ ಅದೇ ಮಾತು ಬರುತ್ತದೆ. ನಾನು ಸೋಮಾರಿಯಾ? ನನ್ನನ್ನು ನಾನೇ ಮಾರಿಕೊಳ್ಳಲು ಕಲಿಯಬೇಕಾ?”

ಪ್ರೀತಿಯ ಸೋದರಿ,

ನೀವು ಸೋಮಾರಿ ಅಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಲೆಕ್ಕ ಹಾಕಿ ಹೇಳುತ್ತಿದ್ದೇನೆ. ಮನೆಯಿಂದ ಆಫೀಸಿಗೆ ಒಂದೂವರೆ ಗಂಟೆ, ವಾಪಸ್ ಒಂದೂವರೆ ಗಂಟೆ ಎಂದು ಬರೆದಿದ್ದೀರಿ. ವಾರಕ್ಕೆ ಐದು ದಿನ ಕೆಲಸ. ಮೈಸೂರಿನಲ್ಲೇ ಎಂಜಿನಿಯರಿಂಗ್ ಓದಿದ ನಾರಾಯಣಮೂರ್ತಿಯವರು 2023ರಲ್ಲಿ, ದೇಶದ ಉತ್ಪಾದಕತೆ ಹೆಚ್ಚಬೇಕಾದರೆ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಿದ್ದರು. ಅವರ ಕಾಳಜಿ ದೊಡ್ಡದೇ. ಆದರೆ ಆ ಮಾತನ್ನು ನಿಮ್ಮ ದಿನಕ್ಕೆ ಹೊಂದಿಸಿ ನೋಡಿದೆ. 70 ಗಂಟೆಯನ್ನು ಐದು ದಿನಕ್ಕೆ ಹಂಚಿದರೆ ದಿನಕ್ಕೆ 14 ಗಂಟೆ. ಓಡಾಟದ ಮೂರು ಸೇರಿಸಿದರೆ 17. ಉಳಿಯುವುದು ಏಳು. ಆ ಏಳರಲ್ಲಿ ನಿದ್ದೆ, ಸ್ನಾನ, ಅಡುಗೆ, ಮಗು, ಎಲ್ಲಾ ಬರಬೇಕು. ಇದು ಆಗುವ ಮಾತಲ್ಲ. ಮನೆಯನ್ನು ಇನ್ನೊಬ್ಬರು ನೋಡಿಕೊಂಡರೆ ಮಾತ್ರ ಯಾರಿಗಾದರೂ ಅಷ್ಟು ದುಡಿಯಲು ಸಾಧ್ಯ. ಆ ಇನ್ನೊಬ್ಬರ ಗಂಟೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಸುಮ್ನೆ ಬಂದದ್ದಲ್ಲ. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮಾಡಿದ ಮೊಟ್ಟಮೊದಲ ಒಪ್ಪಂದವೇ ಕಾರ್ಖಾನೆ ದುಡಿಮೆಯ ಹೊತ್ತಿನ ಬಗ್ಗೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಅದಕ್ಕೆ ಮೊದಲು ಜನ ಕಾರ್ಖಾನೆಗಳಲ್ಲಿ ಸವೆದು ಹೋಗಿದ್ದರು. ಆರು ಗಂಟೆಗೆ ಎದ್ದು ಹೊರಡುವಾಗ ಇದು ನೆನಪಿರಲಿ. ತಲೆ ತಗ್ಗಿಸಬೇಕಾದ್ದು ಏನೂ ಇಲ್ಲ.

ಹಾಗಾದರೆ ಅಕ್ಕಪಕ್ಕದವರು ಗಡಿಯಾರ ಯಾಕೆ ನೋಡುತ್ತಾರೆ? ‘ಬ್ಯುಸಿ’ ಅನ್ನುವ ಪದ ಈಗ ಅಂತಸ್ತು ತೋರಿಸುವ ಪದವಾಗಿದೆ. ಯಾವಾಗಲೂ ಹೀಗಿರಲಿಲ್ಲ. 1899ರಲ್ಲಿ ಥಾರ್ಸ್ಟೀನ್ ವೆಬ್ಲೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಬರೆದದ್ದು ಇದರ ಉಲ್ಟಾ. ಸಿರಿವಂತರು ಬಿಡುವನ್ನೇ ಮೆರೆಸುತ್ತಾರೆ, ದುಡಿಯಬೇಕಾಗಿಲ್ಲ ಅನ್ನುವುದೇ ಅವರ ದೊಡ್ಡಸ್ತಿಕೆ ಎಂದು ಆತ ಹೇಳಿದ್ದ. 2017ರಲ್ಲಿ ಸಿಲ್ವಿಯಾ ಬೆಲೆಝಾ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಸದಾ ಕೆಲಸದಲ್ಲಿ ಮುಳುಗಿರುವವರನ್ನು ಅಮೆರಿಕದ ಜನ ಮೇಲಿನ ಅಂತಸ್ತಿನವರೆಂದು ನೋಡುತ್ತಿದ್ದರು. ಇಟಲಿಯ ಜನ ಬಿಡುವಾಗಿರುವವರನ್ನೇ ಹಾಗೆ ನೋಡುತ್ತಿದ್ದರು. ಅಂದರೆ ಇದು ಊರೂರಿಗೆ ಬದಲಾಗುವ ನೋಟ. ನಿಮ್ಮ ಆಫೀಸಿನ ನೋಟವನ್ನು ನೀವು ನಿಮ್ಮ ಬೆಲೆ ಎಂದುಕೊಳ್ಳಬೇಡಿ.

ನಮ್ಮ ಕಡೆಯ ಮಾತನ್ನೇ ನೋಡಿ. ಮಂಡ್ಯದ ಹಳ್ಳಿಯಲ್ಲಿ ‘ಪುರುಸೊತ್ತಿಲ್ಲ’ ಎಂದರೆ ಅದರ ಹಿಂದೆ ಒಂದು ಕೆಲಸ ಇರುತ್ತಿತ್ತು. ನಾಟಿ ನಡೀತಿದೆ, ಪುರುಸೊತ್ತಿಲ್ಲ. ಕಬ್ಬು ಕಡಿಸಬೇಕು, ಪುರುಸೊತ್ತಿಲ್ಲ. ನಾಟಿ ಮುಗಿದರೆ ಪುರುಸೊತ್ತು ಬರುತ್ತಿತ್ತು. ಈಗಿನ ‘ಬ್ಯುಸಿ’ಗೆ ಕಾರಣವೂ ಇಲ್ಲ, ಮುಗಿಯುವ ದಿನವೂ ಇಲ್ಲ. ನಿಮಗೆ ಆಯಾಸ ಆಗುತ್ತಿರುವುದು ಇದರಿಂದಲೂ ಇರಬಹುದು. ಕೆಲಸ ಮಾಡುವುದು ಒಂದು ದುಡಿಮೆ. ಕೆಲಸ ಮಾಡುತ್ತಿರುವಂತೆ ಕಾಣಿಸುವುದು ಇನ್ನೊಂದು ದುಡಿಮೆ. ನೀವು ಎರಡನ್ನೂ ಹೊರುತ್ತಿದ್ದೀರಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ನಿಮ್ಮನ್ನು ನೀವೇ ಮಾರಿಕೊಳ್ಳಲು ಕಲಿಯಬೇಕಾ ಎಂಬುದು. ಇದಕ್ಕೆ ನಾನು ಕಂಡ ಒಬ್ಬರ ಕಥೆ ಹೇಳಬೇಕು.

ತುಂಬಾ ವರ್ಷಗಳ ಹಿಂದೆ ಮೈಸೂರಿನಲ್ಲಿ ಒಂದು ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿ ಕರಡು ತಿದ್ದುವ ಹಿರಿಯರೊಬ್ಬರಿದ್ದರು. ಬೆಳಿಗ್ಗೆ ಹತ್ತಕ್ಕೆ ಬರುತ್ತಿದ್ದರು, ಐದೂವರೆಗೆ ಛತ್ರಿ ಹಿಡಿದು ಹೊರಡುತ್ತಿದ್ದರು. ನಾವು ಹುಡುಗರು ರಾತ್ರಿ ಒಂಬತ್ತರ ತನಕ ಕೂರುತ್ತಿದ್ದೆವು. ಕೂತವರೇ ಕೆಲಸಗಾರರು ಎಂಬ ನಂಬಿಕೆ ನಮಗಿತ್ತು. ಅವರ ಮೇಜಿನ ಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕ. ಅದರಲ್ಲಿ ಊರ ಹೆಸರು, ಮನೆತನದ ಹೆಸರು, ಜನ ಪದೇ ಪದೇ ತಪ್ಪು ಬರೆಯುವ ಪದ, ಎಲ್ಲ ಅಕ್ಷರ ಕ್ರಮದಲ್ಲಿ ಇರುತ್ತಿತ್ತು. ಅನುಮಾನ ಬಂದರೆ ನಾವು ಅವರನ್ನೇ ಕೇಳುತ್ತಿದ್ದೆವು. ಅವರು ಪುಸ್ತಕ ತಿರುವಿ ಹೇಳುತ್ತಿದ್ದರು. ಅಷ್ಟಕ್ಕೆ ಮರೆತುಬಿಡುತ್ತಿದ್ದೆವು.

ಅವರು ನಿವೃತ್ತರಾದರು. ಪುಸ್ತಕ ಮನೆಗೆ ಹೋಯಿತು. ಎರಡು ತಿಂಗಳಲ್ಲಿ ಓದುಗರ ದೂರುಗಳು ಶುರುವಾದವು. ಒಂದು ಸಲ ತೀರಿಕೊಂಡ ಒಬ್ಬರ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿದೆವು. ಆ ಪುಟ ನೋಡಿದ್ದವನು ನಾನೇ. ತೀರಿಕೊಂಡವರ ಮಗಳು ಆಫೀಸಿಗೆ ಬಂದು ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟು, ಏನೂ ಮಾತಾಡದೆ ನಿಂತಿದ್ದರು. ಆ ಮುಖ ನನಗೆ ಇವತ್ತಿಗೂ ಕಾಣುತ್ತದೆ. ಇಪ್ಪತ್ತೈದು ವರ್ಷ ಆ ಹಿರಿಯರು ಇಂಥ ಎಷ್ಟು ತಪ್ಪುಗಳನ್ನು ನಮ್ಮ ಬಾಗಿಲಲ್ಲೇ ತಡೆದಿದ್ದರು ಎಂದು ಅವತ್ತು ತಿಳಿಯಿತು. ಅವರು ಇದ್ದಾಗ ನಮ್ಮಲ್ಲಿ ಒಬ್ಬರೂ ಅವರಿಗೆ ಒಂದು ಒಳ್ಳೆ ಮಾತು ಹೇಳಿರಲಿಲ್ಲ. ತಪ್ಪು ನಮ್ಮದು. ಅದನ್ನು ನಾನು ಒಪ್ಪಿಕೊಳ್ಳುತ್ತೇನೆ.

ನಿಮ್ಮದೂ ಅದೇ ಜಾತಿಯ ಕೆಲಸ ಅಲ್ವಾ? ನೀವು ಹಿಡಿದ ಬಗ್, ಅಂದರೆ ಸಾಫ್ಟ್‌ವೇರ್‌ನ ತಪ್ಪು, ಗ್ರಾಹಕರ ತನಕ ಹೋಗುವುದಿಲ್ಲ. ಹೋಗದೇ ಇದ್ದದ್ದನ್ನು ಯಾರು ನೋಡುತ್ತಾರೆ? ಕೆಲವು ಕೆಲಸಗಳ ಫಲ ‘ಏನೂ ಆಗಲಿಲ್ಲ’ ಎಂಬುದೇ. ಮೈಸೂರಿನಲ್ಲಿ ಇದಕ್ಕೆ ಒಂದು ದೊಡ್ಡ ಸಾಕ್ಷಿ ಇದೆ. ಮತ ಹಾಕಿದಾಗ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಇಲ್ಲಿಯ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು. 1962ರ ಚುನಾವಣೆಯಿಂದ ಆ ಶಾಯಿ ದೇಶದ ಬೆರಳುಗಳ ಮೇಲೆ ಬಂತು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ ಬೆಳಕು ಬಿದ್ದರೆ ಕಪ್ಪಾಗುತ್ತದೆ, ತೊಳೆದರೆ ಹೋಗುವುದಿಲ್ಲ. ಆ ಶಾಯಿಯ ಕೆಲಸ ಏನು? ಒಬ್ಬರು ಎರಡನೇ ಸಲ ಮತ ಹಾಕದಂತೆ ತಡೆಯುವುದು. ತಡೆದ ಮತಗಳನ್ನು ಎಣಿಸಲು ಆಗುವುದಿಲ್ಲ. ಬಾಟಲಿಯ ಮೇಲಿನ ಹೆಸರನ್ನು ಮತದಾರರು ಓದುವುದೂ ಇಲ್ಲ. ಆದರೂ ಚುನಾವಣೆ ಬಂತೆಂದರೆ ಆಯೋಗ ಆ ಶಾಯಿಯನ್ನು ಹುಡುಕಿಕೊಂಡು ಮೈಸೂರಿಗೇ ಬರುತ್ತದೆ.

ಇಷ್ಟು ಹೇಳಿ, ‘ನಿಮ್ಮ ಕೆಲಸವೇ ಮಾತಾಡುತ್ತದೆ, ಸುಮ್ಮನಿರಿ’ ಎಂದು ಮುಗಿಸಬಹುದಿತ್ತು. ಅದು ನಿಮಗೆ ಮೋಸ ಮಾಡಿದ ಹಾಗೆ. ಕೆಲಸ ತಾನಾಗಿ ಮಾತಾಡುವುದಿಲ್ಲ. ನಮ್ಮ ಕರಡು ತಿದ್ದುವ ಹಿರಿಯರ ಕೆಲಸ ಅವರು ಹೋದ ಮೇಲೆ ಮಾತಾಡಿತು. ಅಷ್ಟು ತಡವಾಗಿ ಮಾತಾಡಿದರೆ ಅವರಿಗೇನು ಸಿಕ್ಕಿತು?

ಪರ್ಸನಲ್ ಬ್ರ್ಯಾಂಡ್ ಎಂಬ ಮಾತು ಜೋರಾಗಿ ಹಬ್ಬಿದ್ದು 1997ರಲ್ಲಿ ಟಾಮ್ ಪೀಟರ್ಸ್ ಎಂಬ ಅಮೆರಿಕದ ಮ್ಯಾನೇಜ್‌ಮೆಂಟ್ ಬರಹಗಾರರ ಒಂದು ಲೇಖನದಿಂದ. ದೊಡ್ಡ ಕಂಪನಿಗಳ ಸರಕಿಗೆ ಇರುವಂತೆ ನಿಮಗೂ ಒಂದು ಬ್ರ್ಯಾಂಡ್ ಇರಲಿ ಎಂಬುದು ಅದರ ಸಾರ. ಆಗ ಲಿಂಕ್ಡ್‌ಇನ್ ಇನ್ನೂ ಹುಟ್ಟಿರಲಿಲ್ಲ, ಅದು ಶುರುವಾದದ್ದು 2003ರಲ್ಲಿ. ನನಗೆ ಈ ಮಾತಿನ ಜೊತೆ ಒಂದು ತಕರಾರಿದೆ. ಸೋಪಿನ ಡಬ್ಬಿಗೆ ಬ್ರ್ಯಾಂಡ್ ಸರಿ. ಡಬ್ಬಿ ಎಲ್ಲ ದಿನ ಒಂದೇ ಥರ ಇರಬೇಕು. ಮನುಷ್ಯರು ಹಾಗೆ ಇರಲು ಹೋದರೆ ಸೋತ ದಿನವನ್ನೂ, ಗೊತ್ತಿಲ್ಲದ್ದನ್ನೂ ಮುಚ್ಚಿಡಬೇಕಾಗುತ್ತದೆ. ಟೆಸ್ಟಿಂಗ್ ಮಾಡುವವರು ಗೊತ್ತಿಲ್ಲದ್ದನ್ನು ಮುಚ್ಚಿಟ್ಟರೆ ಗತಿ ಏನು?

ಹಾಗಾದರೆ ಹೇಳಿಕೊಳ್ಳಲೇಬಾರದಾ? ಹೇಳಬೇಕು. ಆರ್. ಶಾಮಶಾಸ್ತ್ರಿಗಳನ್ನು ನೆನೆಯಿರಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದವರು. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿ ಕಟ್ಟಿನಲ್ಲಿ ಅವರಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯಲ್ಲಿದ್ದ ಗರಿಗಳನ್ನು ಕೂತು ಓದಿದರು. ಹೊರಗಿನಿಂದ ನೋಡಿದವರಿಗೆ ಗರಿ ಮುಂದಿಟ್ಟುಕೊಂಡು ಸುಮ್ಮನೆ ಕೂತವರಂತೆ ಕಂಡಿರಬಹುದು. ಅವರು ಓದಿ ಅಷ್ಟಕ್ಕೇ ನಿಲ್ಲಿಸಿದ್ದರೆ ಆ ಕಟ್ಟು ಮತ್ತೆ ಕಪಾಟಿಗೆ ಹೋಗುತ್ತಿತ್ತು. 1905ರಿಂದಲೇ ಅದರ ಬಗ್ಗೆ ಬರೆದರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದ ತಂದರು. ಜಗತ್ತು ಹಳೆಯ ಭಾರತದ ರಾಜ್ಯಾಡಳಿತವನ್ನು ಓದುವ ರೀತಿಯೇ ಬದಲಾಯಿತು. ಅವರು ಮುಂದೆ ಇಟ್ಟದ್ದು ಆ ಗರಿಗಳಲ್ಲಿ ಏನಿದೆ ಎಂಬುದನ್ನು. ಅವರ ಹೆಸರು ಅದರ ಜೊತೆಗೇ ಬಂತು. ಹೇಳುವುದೂ ಅವರ ಕೆಲಸದ ಒಂದು ಭಾಗವಾಗಿತ್ತು.

ಅದಕ್ಕೇ ನಿಮಗೆ ಹೇಳುತ್ತೇನೆ, ಒಂದು ಪುಸ್ತಕ ಇಡಿ. ನಮ್ಮ ಹಿರಿಯರು ಇಟ್ಟಂಥದ್ದೇ, ಆದರೆ ಮನೆಗೆ ಹೋಗದಂಥದ್ದು. ಶುಕ್ರವಾರ ಸಂಜೆ ರೈಲಿನಲ್ಲಿ ಸೀಟು ಸಿಕ್ಕರೆ, ಶ್ರೀರಂಗಪಟ್ಟಣದ ಹೊಳೆ ದಾಟುವಷ್ಟರಲ್ಲಿ ಬರೆದು ಮುಗಿಯುತ್ತದೆ. ಆ ವಾರ ಏನು ಹಿಡಿದಿರಿ. ಅದು ಹಿಡಿಯದೇ ಹೋಗಿದ್ದರೆ ಯಾರಿಗೆ ಏನು ಆಗುತ್ತಿತ್ತು. ಬಿಲ್ಲಿಂಗ್‌ನಲ್ಲಿ ಒಂದು ಸೊನ್ನೆ ಜಾಸ್ತಿ ಬೀಳುತ್ತಿತ್ತಾ, ಯಾರದ್ದೋ ಖಾತೆ ಇನ್ನೊಬ್ಬರಿಗೆ ತೆರೆದುಕೊಳ್ಳುತ್ತಿತ್ತಾ, ಬರೆಯಿರಿ. ಈ ಎರಡನೇ ಸಾಲೇ ಮುಖ್ಯ. ನಿಮ್ಮ ಮ್ಯಾನೇಜರಿಗೆ ಕಾಣದೇ ಇರುವುದು ಅದೇ. ಯಾರು ಸಹಾಯ ಮಾಡಿದರು ಅನ್ನುವುದನ್ನೂ ಹೆಸರು ಹಿಡಿದು ಬರೆಯಿರಿ. ತಿಂಗಳಿಗೊಮ್ಮೆ ಅದರಲ್ಲಿ ಆಯ್ದದ್ದನ್ನು ಒಂದು ಪುಟ ಮಾಡಿ ಮ್ಯಾನೇಜರಿಗೆ ಕಳಿಸಿ. ಮುಂದಿನ ಅಪ್ರೈಸಲ್‌ಗೆ ಹನ್ನೆರಡು ಪುಟ ಇಟ್ಟುಕೊಂಡು ಕೂತುಕೊಳ್ಳಿ. ‘ನೀವು ಕಾಣಿಸುವುದಿಲ್ಲ’ ಎಂದರೆ ಆ ಪುಟಗಳನ್ನು ಮುಂದಿಡಿ.

ಬಡ್ತಿ ಸಿಕ್ಕೇ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಗದ್ದಲ ಮಾಡಿದವರಿಗೇ ಕೊಡುವ ಆಫೀಸುಗಳಿವೆ. ನಿಮ್ಮದು ಅಂಥದ್ದಾದರೆ, ಆ ಹನ್ನೆರಡು ಪುಟ ಇನ್ನೊಂದು ಕಂಪನಿಯ ಸಂದರ್ಶನದಲ್ಲಿ ನಿಮ್ಮ ಕೈಯಲ್ಲಿರುತ್ತದೆ. ಗ್ರಾಹಕರ ಹೆಸರು, ಕಂಪನಿಯ ಗುಟ್ಟು ಮಾತ್ರ ಅದರಲ್ಲಿ ಇರದಂತೆ ನೋಡಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಮೇಲ್ ಕಳಿಸುವ ಆ ಸಹೋದ್ಯೋಗಿಯ ಮೇಲೆ ಸಿಟ್ಟು ಬೇಡ. ಅವರಿಗೂ ಯಾವುದೋ ಭಯ ಇರಬಹುದು, ಮನೆ ಸಾಲ ಇರಬಹುದು.

ಲಿಂಕ್ಡ್‌ಇನ್‌ನಲ್ಲಿ ಬರೆಯುವುದಾದರೆ ಬರೆಯಿರಿ, ಆದರೆ ಓದುವವರಿಗೆ ಏನಾದರೂ ಸಿಗುವಂತೆ ಬರೆಯಿರಿ. ಮಂಡ್ಯದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದುತ್ತಿರುವ ಎಷ್ಟೋ ಹೆಣ್ಣುಮಕ್ಕಳಿಗೆ ಟೆಸ್ಟಿಂಗ್ ಅಂದರೆ ಏನು, ಮೊದಲ ದಿನ ಏನು ಮಾಡಬೇಕು, ಹೇಳುವವರಿಲ್ಲ. ನೀವು ಕನ್ನಡದಲ್ಲಿ ಹೇಳಿ. ಎರಡು ಪುಟ ಬರೆದು ಕಳಿಸಿ, ಈ ಪತ್ರಿಕೆಯಲ್ಲಿ ಜಾಗ ಇಡುತ್ತೇನೆ. ಹೆಸರು ಹಾಕುವುದೋ ಬೇಡವೋ ಆಗ ನೀವೇ ಹೇಳಿ.

ಅಮ್ಮನ ವಿಷಯ ಕೊನೆಗೆ ಇಟ್ಟುಕೊಂಡೆ. ಅವರು ಫೋನ್ ಮಾಡಿದಾಗ ನಿಜವಾಗಿ ಕೆಲಸ ಇದ್ದರೆ, ಯಾವ ಕೆಲಸ ಎಂದು ಹೇಳಿ. ‘ಒಂದು ತಪ್ಪು ಹುಡುಕ್ತಾ ಇದೀನಮ್ಮ, ರೈಲಿನಿಂದ ಮಾಡ್ತೀನಿ’ ಅನ್ನಿ. ಆಮೇಲೆ ರೈಲಿನಿಂದ ಮಾಡಿ. ಏಳು ವರ್ಷದಿಂದ ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಅವರಿಗೂ ತಿಳಿಯಲಿ. ಅವರು ಇನ್ನೊಂದು ಪ್ರಶ್ನೆ ಕೇಳಿದರೆ, ಅದಕ್ಕೂ ಉತ್ತರ ಹೇಳುವಷ್ಟು ಹೊತ್ತು ಮಂಡ್ಯ ಬರುವ ತನಕ ಇರುತ್ತದೆ.

— ಸಂಪಾದಕ