ಬೇಕರಿಯ ಬಿಲ್ ಸ್ಕ್ಯಾನ್ ಮಾಡಲು ಯಾವ ಆ್ಯಪ್ ತಗೊಳ್ಳಬೇಕು?

ನೀವು ಕೇಳಿದ್ದು ಇಷ್ಟು: ಬೆಳಗಾವಿಯಲ್ಲಿ ಸಣ್ಣ ಬೇಕರಿ ಇದೆ, ಇಬ್ಬರು ಹುಡುಗರು ಸಾಮಾನು ತರಲು ಹೋಗುತ್ತಾರೆ, ತಿಂಗಳ ಕೊನೆಗೆ ನೋಡಿದರೆ ಅರ್ಧ ಬಿಲ್ ಇರುವುದಿಲ್ಲ. ರಸೀದಿ ಸ್ಕ್ಯಾನ್ ಮಾಡುವ ಆ್ಯಪ್ ಯಾವುದು ಒಳ್ಳೆಯದು, ದುಡ್ಡು ಕೊಟ್ಟೇ ತಗೊಳ್ಳಬೇಕಾ?

ಸದ್ಯಕ್ಕೆ ದುಡ್ಡು ಕೊಡಬೇಡಿ. ಆಂಡ್ರಾಯ್ಡ್ ಫೋನ್ ಆದರೆ ಗೂಗಲ್ ಡ್ರೈವ್‌ನಲ್ಲೇ ಸ್ಕ್ಯಾನ್ ಮಾಡುವ ಬಟನ್ ಇದೆ. ಐಫೋನ್ ಆದರೆ ನೋಟ್ಸ್‌ನಲ್ಲಿದೆ. ಒಂದೆರಡು ತಿಂಗಳು ಅದರಲ್ಲೇ ನಡೆಸಿ. ಅಷ್ಟರಲ್ಲಿ ನಿಮಗೆ ನಿಜವಾಗಿ ಏನು ಬೇಕು ಅನ್ನುವುದು ಗೊತ್ತಾಗುತ್ತದೆ.

ನಾನು ಇದೇ ಊರಲ್ಲಿ ಸಣ್ಣ ಅಂಗಡಿ, ವರ್ಕ್‌ಶಾಪ್‌ಗಳ ಲೆಕ್ಕ ಬರೆಯುತ್ತೇನೆ. ಉದ್ಯಮಬಾಗದ ಲೇತ್ ಮಷಿನ್‌ನವರಿಂದ ಹಿಡಿದು ಖಡೇಬಜಾರದ ಬಟ್ಟೆ ಅಂಗಡಿಯವರ ತನಕ ಎಲ್ಲರ ಬಿಲ್ ಕೊನೆಗೆ ನನ್ನ ಟೇಬಲ್ ಮೇಲೆ ಬಂದು ಬೀಳುತ್ತವೆ. ಹಾಗಾಗಿ ಫೋಟೋ ಎಷ್ಟು ಚೆಂದ ಬಂತು ಅನ್ನುವುದಕ್ಕಿಂತ, ಅದನ್ನು ಟ್ಯಾಲಿಗೆ, ಅಂದರೆ ನಾವು ಲೆಕ್ಕ ಬರೆಯುವ ಸಾಫ್ಟ್‌ವೇರ್‌ಗೆ, ಏರಿಸುವವರಿಗೆ ಎಷ್ಟು ಕೆಲಸ ಉಳಿಯಿತು ಅನ್ನುವುದನ್ನೇ ನಾನು ಮೊದಲು ನೋಡುತ್ತೇನೆ. ಆ್ಯಪ್ ಆರಿಸುವಾಗ ಬಿಲ್ ಕೊನೆಗೆ ಯಾರ ಕೈಗೆ ಹೋಗುತ್ತದೋ ಅವರನ್ನು ಕೇಳಿ ಆರಿಸಿ. ಬೇರೆ ಏನು ಮರೆತರೂ ಇದೊಂದು ಮರೆಯಬೇಡಿ.

ಸ್ಕ್ಯಾನಿಂಗ್ ಆ್ಯಪ್ ಅಂತ ಸಿಗುವುದರಲ್ಲಿ ಎರಡು ಜಾತಿ. ಒಂದು, ಬಿಲ್ಲಿನ ಅಂಚು ಕತ್ತರಿಸಿ, ನೆರಳು ತೆಗೆದು, ಚೊಕ್ಕ ಪಿಡಿಎಫ್ ಮಾಡಿಕೊಡುತ್ತದೆ. ಡ್ರೈವ್, ಅಡೋಬ್ ಸ್ಕ್ಯಾನ್ ಈ ಜಾತಿಯವು. ಇನ್ನೊಂದು ಬಿಲ್ಲನ್ನು ಓದಿ ಅಂಗಡಿ ಹೆಸರು, ತಾರೀಖು, ಮೊತ್ತ ಎಲ್ಲ ಬೇರೆ ಬೇರೆ ಕಾಲಂಗೆ ಹಾಕುತ್ತದೆ. ಜೋಹೋ ಎಕ್ಸ್‌ಪೆನ್ಸ್ ತರಹದವು ಈ ಸಾಲಿಗೆ ಬರುತ್ತವೆ. ಜಾಸ್ತಿ ದುಡ್ಡು ಕೇಳುವುದು ಈ ಎರಡನೆಯವು. ನಿಮ್ಮ ಗೋಳು ಬಿಲ್ ಕಳೆದುಹೋಗುವುದು ತಾನೆ? ಅದಕ್ಕೆ ಮೊದಲನೆಯ ಜಾತಿ ಸಾಕು. ಬಿಲ್ ಕೈಯಿಂದ ಟೈಪ್ ಮಾಡುವುದೇ ದಿನಗಟ್ಟಲೆ ಕೆಲಸ ಆದಾಗ ಓದುವ ಆ್ಯಪ್ ವಿಚಾರ ಮಾಡಿ.

ಈ ಓದುವ ಆ್ಯಪ್‌ಗಳ ಜಾಹೀರಾತು ನೋಡಿದ್ದೀರಾ? ಇಸ್ತ್ರಿ ಮಾಡಿದಂಥ ಬಿಳಿ ಬಿಲ್, ಸ್ವಚ್ಛ ಇಂಗ್ಲಿಷ್ ಪ್ರಿಂಟ್. ನಮ್ಮ ರವಿವಾರ ಪೇಟೆಯಿಂದ ಬರುವ ಬಿಲ್ ಹಾಗಿರುತ್ತಾ? ಕಾರ್ಬನ್ ಕಾಪಿ, ಮೇಲೆ ಅಂಗಡಿ ಹೆಸರು ಮರಾಠಿಯಲ್ಲಿ, ಕೆಳಗೆ ಬಾಲ್‌ಪೆನ್ ಗೀಚು, ಸರಿಯಾಗಿ ಮೊತ್ತದ ಮೇಲೇ ರಬ್ಬರ್ ಸ್ಟ್ಯಾಂಪು. ಕೊನೆಗೆ ಹಮಾಲಿ ಅಂತ ಒಂದು ಸಾಲು, ಅದರ ಕೆಳಗೆ ರೌಂಡ್ ಆಫ್. ಅಂಕಿಗಳದ್ದು ಇನ್ನೊಂದು ಕಥೆ. ಮರಾಠಿಯ १ ಇಂಗ್ಲಿಷಿನ 9ರ ಹಾಗೆ ಕಾಣುತ್ತದೆ. ಕನ್ನಡದ ೧ ಸೊನ್ನೆಯ ಹಾಗೆ, ೯ ಇಂಗ್ಲಿಷಿನ 6ರ ಹಾಗೆ. ನಮ್ಮ ಭಾಗದಲ್ಲಿ ಮೂರೂ ಬಗೆಯ ಅಂಕಿ ಒಂದೇ ಪೇಟೆಯಲ್ಲಿ ಓಡಾಡುತ್ತವೆ. ಮನುಷ್ಯರು ಸಂದರ್ಭ ನೋಡಿ ಓದಿಕೊಳ್ಳುತ್ತಾರೆ. ಆ್ಯಪ್ ಏನೋ ಒಂದು ಓದಿ ಮುಂದೆ ಹೋಗಿಬಿಡುತ್ತದೆ. ತಪ್ಪು ಓದಿದ್ದೇನೆ ಅಂತ ಅದು ಹೇಳುವುದಿಲ್ಲ ನೋಡಿ, ಅದೇ ತಲೆಬಿಸಿ.

ಅದಕ್ಕೇ ಯಾವುದೇ ಆ್ಯಪ್ ಪರೀಕ್ಷೆ ಮಾಡುವಾಗ ಚೆಂದದ ಬಿಲ್ ಬಿಟ್ಟುಬಿಡಿ. ನಿಮ್ಮ ಹತ್ತಿರ ಇರುವುದರಲ್ಲೇ ಅತಿ ಕೆಟ್ಟವನ್ನು ಆರಿಸಿ: ಎಣ್ಣೆ ಹತ್ತಿದ್ದು, ಮಡಚಿ ಗೆರೆ ಬಿದ್ದದ್ದು, ಕೈಬರಹದ್ದು, ಕೊಲ್ಹಾಪುರದಿಂದ ಬಂದದ್ದು, ಮಾಸಿದ ಪೆಟ್ರೋಲ್ ಚೀಟಿ. ಇವುಗಳಲ್ಲಿ ಏನು ಓದುತ್ತದೆ ನೋಡಿ. ಹೆಚ್ಚಿನ ಆ್ಯಪ್‌ಗಳಲ್ಲಿ ಸ್ವಲ್ಪ ದಿನ ಪುಕ್ಕಟೆ ನೋಡುವ ಅವಕಾಶ ಇರುತ್ತದೆ. ಅಷ್ಟು ಸಾಕು.

ಏನನ್ನು ನೋಡಬೇಕು? ಮೊತ್ತ ಎಲ್ಲರೂ ನೋಡುತ್ತಾರೆ. ನಾನು ಮೊದಲು ತಾರೀಖು ನೋಡುತ್ತೇನೆ. 03/04/26 ಅಂತ ಬಿಲ್ಲಿನಲ್ಲಿದ್ದರೆ ನಮಗೆ ಅದು ಏಪ್ರಿಲ್ 3. ಅಮೆರಿಕದ ಲೆಕ್ಕದಲ್ಲಿ ಓದುವ ಆ್ಯಪ್‌ಗೆ ಅದು ಮಾರ್ಚ್ 4. ಒಂದು ತಿಂಗಳು ಹೆಚ್ಚುಕಡಿಮೆ ಆಯಿತು ಅಂತ ಸುಮ್ಮನಿರುವ ಹಾಗಿಲ್ಲ, ಬಿಲ್ ಹಿಂದಿನ ಹಣಕಾಸು ವರ್ಷಕ್ಕೇ ಹೋಗಿ ಕೂರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ದಿನ ಮೊದಲು, ತಿಂಗಳು ಆಮೇಲೆ ಅಂತ ಬದಲಿಸಲು ಬರದಿದ್ದರೆ ಆ ಆ್ಯಪ್ ಬಿಟ್ಟುಬಿಡಿ.

ಆಮೇಲೆ ಜಿಎಸ್‌ಟಿ ನಂಬರ್. ಅದು 15 ಅಕ್ಷರದ್ದು. ಮೊದಲ ಎರಡು ರಾಜ್ಯದ ಕೋಡ್, ಮುಂದಿನ ಹತ್ತು ಪ್ಯಾನ್ ನಂಬರ್. ಕರ್ನಾಟಕ 29, ಮಹಾರಾಷ್ಟ್ರ 27, ಗೋವಾ 30. ಬೆಂಗಳೂರಿನ ಅಂಗಡಿಯವರಿಗೆ ಇದರ ಪರದಾಟ ಅಷ್ಟಾಗಿ ಇರಲಿಕ್ಕಿಲ್ಲ. ಗಡಿಯಲ್ಲಿರುವ ನಮಗೆ ದಿನಾ ಇದೇ. ಮೈದಾ ರವಿವಾರ ಪೇಟೆಯದು, ಕೇಕ್ ಡಬ್ಬಿ ಕೊಲ್ಹಾಪುರದ್ದು ಅಂದುಕೊಳ್ಳಿ. ಮೊದಲನೆಯದು ರಾಜ್ಯದೊಳಗಿನ ಖರೀದಿ, ಅದರ ಬಿಲ್ಲಿನಲ್ಲಿ ಕೇಂದ್ರದ ಪಾಲು ಸಿಜಿಎಸ್‌ಟಿ, ರಾಜ್ಯದ ಪಾಲು ಎಸ್‌ಜಿಎಸ್‌ಟಿ ಅಂತ ಎರಡು ಸಾಲು. ಎರಡನೆಯದು ಹೊರರಾಜ್ಯದ್ದು, ಅದರಲ್ಲಿ ಐಜಿಎಸ್‌ಟಿ ಒಂದೇ ಸಾಲು. ಹೊರದೇಶದವರಿಗಾಗಿ ಮಾಡಿದ ಹಲವು ಆ್ಯಪ್‌ಗಳಲ್ಲಿ ಟ್ಯಾಕ್ಸ್ ಅಂತ ಒಂದೇ ಕಾಲಂ ಇರುತ್ತದೆ. ಅದರಲ್ಲಿ ಸ್ಕ್ಯಾನ್ ಮಾಡಿ ಕಳಿಸಿದರೆ ನಾವು ಮತ್ತೆ ಬಿಲ್ ತೆರೆದು ನೋಡಿ ಬಿಡಿಸಿ ಬರೆಯಬೇಕು. ಹಾಗಾದರೆ ಆ್ಯಪ್ ಯಾಕೆ? ಶೇಕಡಾ 5 ಮತ್ತು 18ರ ತೆರಿಗೆ ದರದ ಸಾಮಾನು ಒಂದೇ ಬಿಲ್ಲಿನಲ್ಲಿದ್ದರೆ ಇನ್ನೂ ಕಷ್ಟ. ಬಿಲ್ ಮಾಡಿದವರ ನಂಬರ್ ಯಾವುದು, ನಿಮ್ಮ ನಂಬರ್ ಯಾವುದು ಅಂತ ಆ್ಯಪ್ ಗುರುತಿಸುತ್ತದಾ ಅಂತಲೂ ನೋಡಿ. ಕೆಲವು ಸಲ ಮೇಲೆ ಕಂಡದ್ದನ್ನು ಎತ್ತಿಕೊಂಡು ನಿಮ್ಮಿಂದಲೇ ನೀವು ಖರೀದಿ ಮಾಡಿದ ಹಾಗೆ ತೋರಿಸುತ್ತದೆ!

ದೊಡ್ಡ ಸಪ್ಲೈಯರ್ ಕಡೆಯಿಂದ ತಗೊಂಡರೆ ಬಿಲ್ಲಿನ ಮೇಲೆ ಕ್ಯೂಆರ್ ಕೋಡ್ ಇರುತ್ತದೆ. 2023ರ ಆಗಸ್ಟ್‌ನಿಂದ 5 ಕೋಟಿಗಿಂತ ಹೆಚ್ಚು ವಹಿವಾಟಿನವರು ಜಿಎಸ್‌ಟಿ ಇರುವ ವ್ಯಾಪಾರಿಗೆ ಮಾರುವಾಗ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾದ ಬಿಲ್, ಮಾಡಬೇಕು. ಆ ಕ್ಯೂಆರ್ ಒಳಗೆ ಇಬ್ಬರ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಖು, ಒಟ್ಟು ಮೊತ್ತ ಎಲ್ಲ ಇರುತ್ತದೆ. ಅದನ್ನು ಓದುವ ಆ್ಯಪ್ ಸಿಕ್ಕರೆ ಅಕ್ಷರ ಊಹಿಸುವ ಗೋಜೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮುಖ್ಯ ಪ್ರಶ್ನೆ. ನೀವು ಜಿಎಸ್‌ಟಿಯಲ್ಲಿ ರೆಗ್ಯುಲರಾ, ಕಾಂಪೋಸಿಷನ್ನಾ (ಒಟ್ಟು ವಹಿವಾಟಿನ ಮೇಲೆ ಇಷ್ಟು ಅಂತ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳ ಪದ್ಧತಿ)? ಕಾಂಪೋಸಿಷನ್ ಆದರೆ ಖರೀದಿ ಮೇಲೆ ಕಟ್ಟಿದ ತೆರಿಗೆ ನಿಮಗೆ ವಾಪಸ್ ಸಿಗುವುದಿಲ್ಲ. ಆಗ ಮೇಲಿನ ತೆರಿಗೆ ಬಿಡಿಸುವ ರಗಳೆ ನಿಮಗೆ ಬೇಕಾಗಿಲ್ಲ. ಅಂಗಡಿ, ತಾರೀಖು, ಮೊತ್ತ ಸಿಕ್ಕರೆ ಆಯಿತು. ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ರೆಗ್ಯುಲರ್ ಆದರೆ ಇದು ತಿಳಿದಿರಲಿ: ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಖರೀದಿ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. ಮಾರಿದವರು ಆ ಬಿಲ್ಲನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿ, ಅದು ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಜಿಎಸ್‌ಟಿ ಪೋರ್ಟಲ್ ಕೊಡುವ ನಿಮ್ಮ ಖರೀದಿ ಪಟ್ಟಿಯಲ್ಲಿ, ಕಾಣಿಸಬೇಕು. 2022ರ ಜನವರಿಯಿಂದ ಇದೇ ನಿಯಮ. 2ಬಿ ಪ್ರತಿ ತಿಂಗಳು 14ನೇ ತಾರೀಖಿನ ಹೊತ್ತಿಗೆ ಬರುತ್ತದೆ. ನಾವು ಆಗ ನಿಮ್ಮ ಬಿಲ್ ಒಂದೊಂದಾಗಿ ಅದಕ್ಕೆ ತಾಳೆ ನೋಡುತ್ತೇವೆ. ತಾಳೆ ಆಗುವುದು ಬಿಲ್ ನಂಬರ್ ಮೇಲೆ. ಹಾಗಾಗಿ ಆ್ಯಪ್ ಬಿಲ್ ನಂಬರ್ ಸರಿ ಓದದೆ ಉಳಿದದ್ದೆಲ್ಲ ಚೆನ್ನಾಗಿ ಓದಿದರೂ ನನಗೆ ಪ್ರಯೋಜನ ಇಲ್ಲ. ಕಚ್ಚಾ ಬಿಲ್ಲಿಗಂತೂ ಯಾವ ಆ್ಯಪೂ ಏನೂ ಮಾಡಲಾಗದು. ಪಕ್ಕಾ ಬಿಲ್ ಕೇಳಿ, ನಿಮ್ಮ ಜಿಎಸ್‌ಟಿ ನಂಬರ್ ಬರೆಸಿ. ನಂಬರನ್ನು ಒಂದು ಕಾರ್ಡ್ ಮೇಲೆ ಪ್ರಿಂಟ್ ಮಾಡಿಸಿ ಹುಡುಗರ ಜೇಬಿನಲ್ಲಿ ಇಟ್ಟುಬಿಡಿ.

ಹುಡುಗರ ವಿಷಯಕ್ಕೆ ಬರೋಣ. ನಿಜ ಹೇಳಬೇಕಂದರೆ ಆ್ಯಪ್ ಸೋಲುವುದು ಇಲ್ಲೇ. "ಬಿಲ್ ಎಲ್ಲೈತೋ?" ಅಂದರೆ "ಡಿಕ್ಕ್ಯಾಗ ಐತ್ರಿ, ಆಮ್ಯಾಲೆ ಕೊಡ್ತೀನ್ರಿ" ಅನ್ನುತ್ತಾರೆ. ಆಮೇಲೆ ಅನ್ನುವುದು ಬರುವುದೇ ಇಲ್ಲ. ಗಾಡಿ ಡಿಕ್ಕಿಯ ಬಿಸಿಗೆ ಥರ್ಮಲ್ ಚೀಟಿ ಮಾಸುತ್ತದೆ, ನಮ್ಮೂರ ಮಳೆಗಾಲದಲ್ಲಿ ಕಾರ್ಬನ್ ಕಾಪಿ ಮುದ್ದೆಯಾಗುತ್ತದೆ. ಗಾಡಿ ಸ್ಟಾರ್ಟ್ ಮಾಡುವ ಮೊದಲು, ಅಂಗಡಿ ಮುಂದೆಯೇ ಸ್ಕ್ಯಾನ್ ಆಗಬೇಕು ಅಂತ ಒಂದೇ ನಿಯಮ ಮಾಡಿ. ಅದಕ್ಕೆ ಆ್ಯಪ್ ತೆರೆದು ಎರಡು ಸಲ ಒತ್ತಿದರೆ ಕೆಲಸ ಮುಗಿಯುವಂತಿರಬೇಕು. ಲಾಗಿನ್, ಪಾಸ್‌ವರ್ಡ್, ಯಾವ ಖಾತೆಯ ಖರ್ಚು ಅಂತ ಆರಿಸುವುದು ಇಷ್ಟೆಲ್ಲ ಇದ್ದರೆ ಆ ಹುಡುಗ ಒಂದು ವಾರದ ಮೇಲೆ ಮಾಡುವುದಿಲ್ಲ. ಅವನ ತಪ್ಪೂ ಅಲ್ಲ, ಕೈಯಲ್ಲಿ ಸಕ್ಕರೆ ಚೀಲ ಇರುತ್ತದೆ. ನೆಟ್‌ವರ್ಕ್ ಇಲ್ಲದಾಗಲೂ ಸ್ಕ್ಯಾನ್ ಉಳಿದು, ಆಮೇಲೆ ತಾನಾಗಿ ಹೋಗಬೇಕು.

ವಾಟ್ಸಾಪ್ ಗ್ರೂಪ್ ಸಾಕಾಗುವುದಿಲ್ವಾ ಅಂತ ನೀವು ಕೇಳಬಹುದು. ಕಳೆದುಹೋಗುವುದಕ್ಕಿಂತ ಎಷ್ಟೋ ಮೇಲು. ಆದರೆ ಸುಮ್ನೆ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಗುಡ್ ಮಾರ್ನಿಂಗ್ ಫೋಟೋಗಳ ನಡುವೆ ಬಿಲ್ ಹುಡುಕುವ ಶಿಕ್ಷೆ ನನಗೆ ಬೇಡ, ಅಷ್ಟು ದಯವಿಟ್ಟು ನೋಡಿಕೊಳ್ಳಿ. ಡ್ರೈವ್‌ನಲ್ಲಿ ತಿಂಗಳಿಗೊಂದು ಫೋಲ್ಡರ್ ಮಾಡಿ, ಲೆಕ್ಕ ಬರೆಯುವವರ ಜೊತೆ ಹಂಚಿಕೊಂಡರೆ ಎಲ್ಲರಿಗೂ ಆರಾಮ. ಪ್ರತಿ ಬಿಲ್ ಜೊತೆ ನಗದಾ, ಯುಪಿಐಯಾ, ಉದ್ರಿಯಾ ಅಂತ ಒಂದು ಮಾತು ಬರೆಯಿಸಿ. ಒಂದೇ ದಿನ ಒಬ್ಬರಿಗೇ 10,000 ರೂಪಾಯಿ ಮೀರಿ ನಗದು ಕೊಟ್ಟರೆ, ಕೆಲವು ವಿನಾಯಿತಿ ಬಿಟ್ಟು, ಆದಾಯ ತೆರಿಗೆಯಲ್ಲಿ ಆ ಖರ್ಚು ಒಪ್ಪುವುದಿಲ್ಲ. ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ.

ಆ್ಯಪ್ ಯಾವುದೇ ಇರಲಿ, ಒಳಗೆ ಹಾಕಿದ್ದನ್ನು ಹೊರಗೆ ತೆಗೆಯಲು ಬರುತ್ತದಾ ನೋಡಿ. ಕ್ಯಾಮ್‌ಸ್ಕ್ಯಾನರ್ ಒಂದು ಕಾಲಕ್ಕೆ ಎಲ್ಲರ ಫೋನ್‌ನಲ್ಲೂ ಇತ್ತು. 2020ರ ಜೂನ್‌ನಲ್ಲಿ ಸರ್ಕಾರ 59 ಚೀನೀ ಆ್ಯಪ್ ನಿಷೇಧಿಸಿದಾಗ ಅದೂ ಹೋಯಿತು. ಮೈಕ್ರೋಸಾಫ್ಟ್ ಲೆನ್ಸ್ ನಂಬಿದವರಿಗೆ 2025ರಲ್ಲಿ ಅದನ್ನೂ ನಿಲ್ಲಿಸುತ್ತೇವೆ ಅನ್ನುವ ಸುದ್ದಿ ಬಂತು. ದೊಡ್ಡ ಹೆಸರು ಅಂತ ನಂಬಿ ಕೂರಲು ಆಗುವುದಿಲ್ಲ. ಎಲ್ಲ ಬಿಲ್ ಪಿಡಿಎಫ್ ಆಗಿ, ವಿವರ ಎಕ್ಸೆಲ್ ಆಗಿ ಒಟ್ಟಿಗೆ ಇಳಿಸಿಕೊಳ್ಳಲು ಬರಬೇಕು. ಟ್ಯಾಲಿಪ್ರೈಮ್ 4.0ರಿಂದ ಎಕ್ಸೆಲ್ ಫೈಲ್ ನೇರ ಒಳಗೆ ತಗೊಳ್ಳುತ್ತದೆ, ಹಾಗಾಗಿ ಎಕ್ಸೆಲ್ ಸಿಕ್ಕರೆ ನಮ್ಮ ಅರ್ಧ ಕೆಲಸ ಮುಗಿದ ಹಾಗೆ. ಬಿಲ್ ಸ್ಕ್ಯಾನ್ ಮಾಡಲು ಕಾಂಟ್ಯಾಕ್ಟ್ಸ್, ಎಸ್‌ಎಂಎಸ್ ಅನುಮತಿ ಕೇಳುವ ಆ್ಯಪ್ ಇದ್ದರೆ ತೆಗೆದುಹಾಕಿ. ಅದಕ್ಕೆ ಅದೆಲ್ಲ ಯಾಕೆ ಬೇಕು?

ಮುಂದೆ ದುಡ್ಡು ಕೊಡುವ ಕಾಲ ಬಂದರೆ, ತಲೆಗೆ ಇಷ್ಟು ಅಂತ ತಗೊಳ್ಳುತ್ತಾರಾ, ಸ್ಕ್ಯಾನ್‌ಗೆ ಇಷ್ಟು ಅಂತ ತಗೊಳ್ಳುತ್ತಾರಾ ಕೇಳಿ. ನಿಮ್ಮಲ್ಲಿ ಮೂವರು, ಬಿಲ್ ಜಾಸ್ತಿ. ಹಾಗಾಗಿ ತಲೆ ಲೆಕ್ಕವೇ ಅಗ್ಗ ಬೀಳಬಹುದು. ವರ್ಷದ ಪ್ಲಾನಿಗೆ ಎಷ್ಟೇ ರಿಯಾಯಿತಿ ತೋರಿಸಿದರೂ ಮೊದಲು ತಿಂಗಳ ಪ್ಲಾನ್ ತಗೊಳ್ಳಿ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲೇ ಖರೀದಿ ಬಿಲ್ ಫೋಟೋ ಸೇರಿಸುವ ಸೌಲಭ್ಯ ಇದ್ದರೂ ಇರಬಹುದು, ಹೊಸದು ಹುಡುಕುವ ಮೊದಲು ಅದನ್ನು ನೋಡಿ.

ಸ್ಕ್ಯಾನ್ ಆಯಿತು ಅಂತ ಕಾಗದ ಎಸೆಯಬೇಡಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2025-26ರ ಬಿಲ್ ಅಂದರೆ 2032ರ ಡಿಸೆಂಬರ್ ಕೊನೆಯ ತನಕ. ತಿಂಗಳಿಗೊಂದು ಲಕೋಟೆ ಮಾಡಿ, ಮೇಲೆ ತಿಂಗಳು ಬರೆದು ಕಪಾಟಿನಲ್ಲಿಡಿ. ಓವನ್ ಇರುವ ಕೋಣೆಯಲ್ಲಿ ಮಾತ್ರ ಬೇಡ, ಬಿಸಿಗೆ ಥರ್ಮಲ್ ಬಿಲ್ ಮಾಸಿಬಿಡುತ್ತವೆ.