ಕಾಫಿಗೆ ಹಾಕಿದ ಹನಿ: ಅವರಿಗೆ ಹೇಳಬೇಕಾ, ಬೇಡವಾ?

ಪ್ರಶ್ನೆ: ನಾನು ಒಂದು ಖಾಸಗಿ ಮನೋರೋಗ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ವಯಸ್ಸು 27. ನಮ್ಮ ವಾರ್ಡಿನಲ್ಲಿ ಸ್ಕಿಜೋಫ್ರೇನಿಯಾ ಇರುವ 34 ವರ್ಷದ ಒಬ್ಬರಿದ್ದಾರೆ. ಊಟದಲ್ಲಿ ಯಾರೋ ವಿಷ ಹಾಕುತ್ತಿದ್ದಾರೆ ಅನ್ನೋದೇ ಅವರ ದೊಡ್ಡ ಭಯ. ಬಂದ ಹೊಸದರಲ್ಲಿ ಮಾತ್ರೆ ಮುಟ್ಟುತ್ತಿರಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಹೇಳಿದರು ಅಂತ ಎರಡು ರಾತ್ರಿ ಅವರ ಕಾಫಿಗೆ ಔಷಧಿಯ ಹನಿ ಹಾಕಿ ಕೊಟ್ಟೆ. ಮರುದಿನ ಅವರು "ಸಿಸ್ಟರ್, ನೀವು ಏನೂ ಬೆರೆಸಲ್ಲ ಅಲ್ವಾ?" ಅಂತ ಕೇಳಿದರು. "ಇಲ್ಲಪ್ಪ" ಅಂದುಬಿಟ್ಟೆ. ಈಗ ನನ್ನ ಕೈಯಿಂದ ಮಾತ್ರ ಮಾತ್ರೆ ತೆಗೆದುಕೊಳ್ಳುತ್ತಾರೆ. ಮುಂದಿನ ವಾರ ಡಿಸ್ಚಾರ್ಜ್. ಮೊನ್ನೆ ಅವರ ತಾಯಿ ಕಾರಿಡಾರಿನಲ್ಲಿ ನನ್ನ ಕೈ ಹಿಡಿದು ಅತ್ತರು. ಮನೆಯಲ್ಲಿ ಎರಡು ವರ್ಷ ಸಾರಿಗೆ ಮಾತ್ರೆ ಪುಡಿ ಮಾಡಿ ಹಾಕುತ್ತಿದ್ದರಂತೆ. "ಗೊತ್ತಾಗದ ಹಾಗೆ ಹಾಕೋ ಹನಿ ಯಾವುದು, ಎಷ್ಟು ಹಾಕಬೇಕು, ಹೇಳಮ್ಮ" ಅಂದರು. ಹೇಳಿಕೊಡಲಾ? ಅಥವಾ ಅವರ ಮಗನಿಗೇ ನಿಜ ಹೇಳಿಬಿಡಲಾ? ಹೇಳಿದರೆ ವಿಷದ ಭಯವೇ ನಿಜ ಅಂತ ಆಗಲ್ವಾ? ನಿದ್ದೆ ಬರುತ್ತಿಲ್ಲ. ಕೆಲಸ ಬಿಟ್ಟುಬಿಡೋಣ ಅನ್ನಿಸಿದೆ.

ಉತ್ತರ:

ಸಿಸ್ಟರ್, ಮೊದಲು ತಾಯಿಯ ಪ್ರಶ್ನೆ ಮುಗಿಸೋಣ, ಯಾಕೆಂದರೆ ಅವರು ನಾಳೆ ಮತ್ತೆ ನಿಮ್ಮ ಮುಂದೆ ಬಂದು ನಿಲ್ಲುತ್ತಾರೆ. ಹೇಳಿಕೊಡಬೇಡಿ. ಔಷಧಿಯ ಹೆಸರೂ ಬೇಡ, ಹನಿಯ ಲೆಕ್ಕವೂ ಬೇಡ. "ಅಮ್ಮಾ, ಇದು ಕಾರಿಡಾರಲ್ಲಿ ಮಾತಾಡೋ ವಿಷಯ ಅಲ್ಲ, ಡಾಕ್ಟರ್ ಹತ್ತಿರ ಕೂತು ಮಾತಾಡೋಣ, ನಾನೂ ಜೊತೆಗೆ ಬರ್ತೀನಿ" ಅನ್ನಿ. ಅಷ್ಟು ಸಾಕು.

ಆದರೆ ಆ ಹೆಂಗಸನ್ನು ತಪ್ಪಿತಸ್ಥೆ ಥರ ನೋಡಬೇಡಿ. ಮಗ ಮಾತ್ರೆ ಬಿಸಾಡುತ್ತಾನೆ, ರಾತ್ರಿಯೆಲ್ಲ ಎದ್ದು ಕೂತು ಒಬ್ಬನೇ ಮಾತಾಡುತ್ತಾನೆ, ಮನೋವೈದ್ಯರು ಇರುವುದು ಬಸ್ಸು ಬದಲಿಸಿ ಹೋಗಬೇಕಾದ ಊರಿನಲ್ಲಿ, ಅಲ್ಲಿಗೆ ಹೋಗೋಣ ಅಂದರೆ ಅವನು ಹೊಸ್ತಿಲು ದಾಟುವುದಿಲ್ಲ. ಅವರ ಕೈಗೆ ಸಿಕ್ಕಿದ್ದು ಅಡುಗೆಮನೆ ಒಂದೇ. ಇದು ಅವರೊಬ್ಬರ ಕಥೆಯೂ ಅಲ್ಲ. ನಮ್ಮ ಮನೆಗಳಲ್ಲಿ ಹೀಗೆ ಗುಟ್ಟಾಗಿ ಮಾತ್ರೆ ಬೆರೆಸುವುದು ನಡೆಯುತ್ತದೆ ಅಂತ ಸ್ಕಿಜೋಫ್ರೇನಿಯಾ ಬಗ್ಗೆ ಕೆಲಸ ಮಾಡುವ ಚೆನ್ನೈನ ಸ್ಕಾರ್ಫ್ ಸಂಸ್ಥೆಯ ಡಾ. ತಾರಾ ಮತ್ತು ಡಾ. ಶ್ರೀನಿವಾಸನ್ 2002ರಲ್ಲೇ ಬರೆದಿದ್ದರು. ಓಪಿಡಿಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸ ಸುದ್ದಿಯೂ ಆಗಿರಲಿಲ್ಲ.

ಮತ್ತೆ ಯಾಕೆ ಬೇಡ? ಧರ್ಮಸಂಕಟದ ಮಾತು ಆಮೇಲೆ, ಮೊದಲು ಔಷಧಿಯ ಮಾತು. ಸಾರಿನಲ್ಲಿ ಹಾಕಿದ ಪುಡಿ ಅವರ ಹೊಟ್ಟೆಗೆ ಎಷ್ಟು ಹೋಯಿತು ಅಂತ ಹೇಳುವವರು ಯಾರು? ಒಂದು ದಿನ ಎರಡು ಸಲ ಬಡಿಸಿಕೊಳ್ಳುತ್ತಾರೆ, ಇನ್ನೊಂದು ದಿನ ಬರೀ ಮಜ್ಜಿಗೆ ಅನ್ನ ಸಾಕು ಅನ್ನುತ್ತಾರೆ. ಮನೆಯ ಮಕ್ಕಳು ಅದೇ ಬಟ್ಟಲಿಗೆ ಕೈ ಹಾಕಬಹುದು. ನಿಧಾನವಾಗಿ ಕರಗಲಿ ಅಂತ ಮಾಡಿದ ಮಾತ್ರೆಗಳನ್ನು ಪುಡಿ ಮಾಡಿದರೆ ಔಷಧಿಯೆಲ್ಲ ಒಮ್ಮೆಲೇ ಇಳಿಯುತ್ತದೆ. ಈ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಅನ್ನುವ ಔಷಧಿಯ ದ್ರಾವಣವನ್ನು ಟೀಗೆ ಬೆರೆಸಬಾರದು ಅಂತ ಕಂಪನಿಯ ಸೂಚನೆಯಲ್ಲೇ ಇದೆ, ಆದರೆ ಹಳ್ಳಿ ಮನೆಯಲ್ಲಿ ಗುಟ್ಟಾಗಿ ಹಾಕಬೇಕು ಅಂದರೆ ಮೊದಲು ಕಣ್ಣಿಗೆ ಬೀಳುವುದೇ ಟೀ ಲೋಟ. ಇನ್ನು ಇದೇ ಕಾಯಿಲೆಯ ಇನ್ನೊಂದು ಔಷಧಿ ಕ್ಲೋಜಪೀನ್ ಆಗಿದ್ದರಂತೂ ಕೇಳಲೇಬೇಡಿ. ಅದಕ್ಕೆ ಮೊದಲ 18 ವಾರ ವಾರವಾರ ರಕ್ತ ಪರೀಕ್ಷೆ ಬೇಕು. ಎರಡು ದಿನಕ್ಕಿಂತ ಜಾಸ್ತಿ ತಪ್ಪಿದರೆ ಮತ್ತೆ ಕಡಿಮೆ ಡೋಸಿನಿಂದ ಶುರು ಮಾಡಬೇಕು. ಅದನ್ನು ಗುಟ್ಟಾಗಿ ಕೊಡುವುದು ಹೇಗೆ?

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹ್ಯಾಲೋಪೆರಿಡಾಲ್‌ನಂಥ ಔಷಧಿಗೆ ಕೆಲವರಿಗೆ ಮೊದಲ ದಿನಗಳಲ್ಲಿ ಕುತ್ತಿಗೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲೆ ಹೋಗುತ್ತದೆ, ನಾಲಿಗೆ ದಪ್ಪ ಆದ ಹಾಗೆ ಆಗುತ್ತದೆ. ವಾರ್ಡಿನಲ್ಲಿ ಒಂದು ಇಂಜೆಕ್ಷನ್‌ಗೆ ಅರ್ಧ ಗಂಟೆಯಲ್ಲಿ ಸರಿಹೋಗುವ ತೊಂದರೆ ಅದು. ಮಾತ್ರೆ ಒಳಗೆ ಹೋಗಿದೆ ಅಂತಲೇ ಗೊತ್ತಿಲ್ಲದ ಮನುಷ್ಯನಿಗೆ ಮನೆಯಲ್ಲಿ ಹಾಗಾದರೆ ಏನು ಅಂದುಕೊಳ್ಳುತ್ತಾನೆ ಹೇಳಿ. ಮಾಟ ಅಂತಾನೆ. ಪಕ್ಕದ ಮನೆಯವರೂ ಮಾಟ ಅಂತಾರೆ. ತಾಯಿಗೆ ನಿಜ ಗೊತ್ತು, ಆದರೆ ಬಾಯಿ ಬಿಡುವ ಹಾಗಿಲ್ಲ. ತಾಯಿತ ಕಟ್ಟಿಸಲು ಅವರೂ ಜೊತೆಗೆ ಹೋಗಬೇಕಾಗುತ್ತದೆ.

ನಿಮ್ಮ ರೋಗಿಯ ವಿಷಯದಲ್ಲಂತೂ ಊಟವೇ ಭಯದ ಮೂಲ. ಊಟದಲ್ಲಿ ವಿಷ ಅನ್ನುವವರಿಗೆ ಊಟದಲ್ಲಿ ಔಷಧಿ ಬೆರೆಸಬೇಡಿ ಅಂತ ಮನೋರೋಗ ಶುಶ್ರೂಷೆಯ ಮೊದಲ ಪಾಠಗಳಲ್ಲೇ ಬರುತ್ತದೆ, ಯಾಕೆಂದರೆ ಸಿಕ್ಕಿಬಿದ್ದರೆ ಔಷಧಿಯ ಜೊತೆ ಊಟವೂ ನಿಂತುಹೋಗುತ್ತದೆ. ಅಂಥವರಿಗೆ ಬೇಯಿಸಿದ ಮೊಟ್ಟೆಯನ್ನು ಸಿಪ್ಪೆ ಸಮೇತ ಕೊಡಿ. ಸುಲಿಯದ ಬಾಳೆಹಣ್ಣು, ಒಡೆಯದ ಬಿಸ್ಕತ್ತಿನ ಪೊಟ್ಟಣ ಕೊಡಿ. ತಟ್ಟೆಗಳಲ್ಲಿ ಬೇಕಾದ್ದನ್ನು ಅವರೇ ಆರಿಸಿಕೊಳ್ಳಲಿ. ಇದೆಲ್ಲ ನಿಮಗೂ ಗೊತ್ತಿರುತ್ತದೆ. ಆದರೆ ಇಡೀ ವಾರ್ಡಿಗೆ ರಾತ್ರಿ ಒಬ್ಬರೇ ನರ್ಸ್ ಇರುವಾಗ ಕಾಫಿಗೆ ಎರಡು ಹನಿ ಹಾಕುವುದು ಸುಲಭ. ಇನ್‌ಚಾರ್ಜ್ ಸಿಸ್ಟರ್ ಹೇಳಿದ್ದಕ್ಕೂ ಬಹುಶಃ ಅದೇ ಕಾರಣ.

ಈಗ ನಿಮ್ಮ ವಿಷಯ. ಒಂದು ಕೆಲಸ ಇವತ್ತೇ ಮಾಡಿ. ಆ ಎರಡು ರಾತ್ರಿ ಚಾರ್ಟಿನಲ್ಲಿ ಏನು ಬರೆದಿದ್ದೀರಿ ನೋಡಿ. ಹನಿ ಡಾಕ್ಟರ್ ಬರೆದದ್ದೇ? ಬರೆದಿದ್ದರೆ, ರೋಗಿಗೆ ತಿಳಿಸದೆ ಕೊಡಿ ಅಂತ ಬರೆದಿದ್ದಾರಾ, ಅಥವಾ ಅದು ಬಾಯಿಮಾತಾ? "ಮಾತ್ರೆ ಕೊಟ್ಟಿದೆ" ಅಂತ ಸುಮ್ನೆ ಟಿಕ್ ಹಾಕಿದ್ದರೆ, ಈ ರೋಗಿ ತಾವಾಗೇ ಮಾತ್ರೆ ತೆಗೆದುಕೊಂಡರು ಅಂತ ಡಾಕ್ಟರ್ ನಂಬಿಕೊಂಡಿರುತ್ತಾರೆ, ಅದೇ ಲೆಕ್ಕದಲ್ಲಿ ಡಿಸ್ಚಾರ್ಜ್ ಬರೆಯುತ್ತಾರೆ. ಹಾಗಾಗಿ ಅವರಿಗೆ ತಿಳಿಯಲೇಬೇಕು. ಹಳೆಯ ನಮೂದನ್ನು ತಿದ್ದಲು ಹೋಗಬೇಡಿ. ಇವತ್ತಿನ ತಾರೀಖು ಹಾಕಿ ಹೊಸದಾಗಿ ಬರೆಯಿರಿ.

ಅಡ್ಮಿಶನ್ ಯಾವ ಬಗೆಯದು ಅಂತಲೂ ಕೇಸ್ ಶೀಟಿನಲ್ಲಿ ನೋಡಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ, ರೋಗಿ ತಾವಾಗಿ ಸೇರಿದ್ದರೆ ಅವರ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಕೊಡುವ ಹಾಗಿಲ್ಲ. ಸೆಕ್ಷನ್ 89ರಲ್ಲಿ, ಅಂದರೆ ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ಮಾತಾಡುವವರು, ಹೆಚ್ಚಾಗಿ ಮನೆಯವರೇ) ಅರ್ಜಿಯ ಮೇಲೆ 30 ದಿನದವರೆಗಿನ ದಾಖಲಾತಿ ಆಗಿದ್ದರೆ, ತೀರ್ಮಾನ ಮಾಡಲು ರೋಗಿಗೆ ಹೆಚ್ಚೂಕಡಿಮೆ ಪೂರ್ತಿ ಬೆಂಬಲ ಬೇಕಾದ ಹೊತ್ತಿನಲ್ಲಿ ಆ ಪ್ರತಿನಿಧಿ ತಾತ್ಕಾಲಿಕವಾಗಿ ಒಪ್ಪಿಗೆ ಕೊಡಬಹುದು. ಆದರೆ ಅದು ಕೇಸ್ ಶೀಟಿನಲ್ಲಿ ದಾಖಲಾಗಬೇಕು, ರೋಗಿ ತಾವೇ ತೀರ್ಮಾನ ಮಾಡುವ ಸ್ಥಿತಿಗೆ ಬಂದರಾ ಅಂತ ಏಳು ದಿನಕ್ಕೊಮ್ಮೆ ನೋಡಬೇಕು. ನಿಮ್ಮ ರೋಗಿ ಈಗ ಕೈಯಾರೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಎದುರಿಗೆ ಕೂತು ಪ್ರಶ್ನೆ ಕೇಳುತ್ತಿದ್ದಾರೆ. ಇಂಥವರನ್ನು ಬಿಟ್ಟು ಅವರ ತಲೆಯ ಮೇಲಿಂದ ನೀವು ಮೂವರು ಮಾತಾಡಿಕೊಳ್ಳುವುದು ಇನ್ನು ಸರಿಯಲ್ಲ.

ಹೇಳಬೇಕಾ ಅಂದರೆ, ಹೇಳಬೇಕು. ನನಗೆ ಇದರಲ್ಲಿ ಅನುಮಾನ ಇಲ್ಲ. ಭಯ ನಿಜವಾಗಿಬಿಡುತ್ತೆ ಅಂತ ನೀವು ಹೇಳುವುದು ಅರ್ಥವಾಗುತ್ತದೆ. ಆದರೆ ಸ್ವಲ್ಪ ಆ ಕಡೆಯಿಂದ ಯೋಚನೆ ಮಾಡಿ. ಎರಡು ವರ್ಷ ಅವರ ನಾಲಿಗೆಗೆ ಸಾರು ಕಹಿ ಅನ್ನಿಸಿರುತ್ತದೆ. ಉಂಡ ಮೇಲೆ ತೂಕಡಿಕೆ ಬಂದಿರುತ್ತದೆ. "ಏನೋ ಹಾಕ್ತಿದ್ದೀರಿ" ಅಂದಾಗಲೆಲ್ಲ ಮನೆಯವರು "ನಿಂಗೆ ತಲೆ ಕೆಟ್ಟಿದೆ" ಅಂದಿರುತ್ತಾರೆ. ವಿಷ ಅನ್ನೋದು ಕಾಯಿಲೆಯ ಮಾತು. ಏನೋ ಹಾಕುತ್ತಿದ್ದಾರೆ ಅನ್ನೋದು ಕಾಯಿಲೆಯ ಮಾತಲ್ಲ, ಅದು ಅವರು ಸರಿಯಾಗಿಯೇ ಕಂಡುಕೊಂಡದ್ದು. ಈ ಎರಡನ್ನೂ ಬಿಡಿಸಿ ಹೇಳುವವರು ಇಲ್ಲದಿದ್ದರೆ ತಮ್ಮ ಕಣ್ಣು ನಾಲಿಗೆಯನ್ನು ಯಾವಾಗ ನಂಬಬೇಕು ಅಂತ ಅವರಿಗೆ ಗೊತ್ತಾಗುವುದು ಹೇಗೆ? ಇಂಥ ಗುಟ್ಟು ಉಳಿಯುವುದೂ ಇಲ್ಲ. ಒಂದು ದಿನ ಸ್ಟ್ರಿಪ್ ಸಿಗುತ್ತದೆ, ಇಲ್ಲವೇ ಜಗಳದಲ್ಲಿ ಯಾರಾದರೂ ಬಾಯಿ ಬಿಡುತ್ತಾರೆ.

ಆದರೆ ನೀವೊಬ್ಬರೇ ಹೇಳಬೇಡಿ, ಮನಸ್ಸು ಹಗುರ ಮಾಡಿಕೊಳ್ಳಲು ನೈಟ್ ಡ್ಯೂಟಿಯಲ್ಲಿ ಮಂಚದ ಪಕ್ಕ ಕೂತು ಹೇಳುವುದಂತೂ ಬೇಡವೇ ಬೇಡ. ಡಿಸ್ಚಾರ್ಜ್ ದಿನವೂ ಬೇಡ. ಡಾಕ್ಟರ್ ಒಪ್ಪಿದ ಮೇಲೆ, ಹಗಲು ಹೊತ್ತಿನಲ್ಲಿ, ಡಾಕ್ಟರ್, ತಾಯಿ, ನೀವು, ಅವರು ಕೂತು ಮಾತಾಡಿ. ಆಮೇಲೆ ಎರಡು ಮೂರು ದಿನವಾದರೂ ಅವರು ವಾರ್ಡಿನಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಸಿಟ್ಟು ಬಂದರೆ ಅದನ್ನು ತಡೆದುಕೊಳ್ಳಲು ಅಲ್ಲಿ ಜನ ಇದ್ದೀರಿ, ಮನೆಯಲ್ಲಿ ತಾಯಿ ಒಬ್ಬರೇ. ಸಾರಿನ ವಿಷಯವನ್ನು ತಾಯಿಯೇ ಹೇಳಲಿ. ಕಾಫಿಯದ್ದು ನೀವು ಹೇಳಿ, ಉದ್ದ ಪೀಠಿಕೆ ಬೇಡ: "ನೀವು ಕೇಳಿದಾಗ ಇಲ್ಲ ಅಂದೆ. ಅದು ಸುಳ್ಳು. ಎರಡು ರಾತ್ರಿ ಕಾಫಿಗೆ ಔಷಧಿ ಹಾಕಿದ್ದೆ. ವಿಷ ಅಲ್ಲ, ಈಗ ನೀವು ತಗೊಳ್ತಾ ಇರೋ ಔಷಧಿನೇ. ಆದರೂ ನಿಮ್ಮನ್ನ ಕೇಳದೆ ಹಾಕಿದ್ದು ತಪ್ಪು. ಇನ್ನು ಹಾಕಲ್ಲ." ಅದೇ ಔಷಧಿ ಹೌದೋ ಅಲ್ಲವೋ ಮೊದಲೇ ಖಚಿತ ಮಾಡಿಕೊಳ್ಳಿ, ಬೇರೆಯಾಗಿದ್ದರೆ ಅದರ ಹೆಸರೇ ಹೇಳಿ. ಅವರು ಎದ್ದು ಹೋದರೆ ಹೋಗಲಿ. ಒಂದೆರಡು ಹೊತ್ತು ನಿಮ್ಮ ಕೈಯಿಂದ ಏನೂ ಬೇಡ ಅಂದರೂ ಬೇಸರ ಮಾಡಿಕೊಳ್ಳಬೇಡಿ. ಮುಂದೆ ಪ್ರತಿ ಸಲ ಸ್ಟ್ರಿಪ್ ತೋರಿಸಿ, ಹೆಸರು ಹೇಳಿ, ಅವರ ಮುಂದೆಯೇ ಒಡೆದು ಕೊಡಿ. ನಿಮ್ಮೊಬ್ಬರ ಕೈಯಿಂದ ಮಾತ್ರ ಅನ್ನುವ ಹಟವೂ ಹೀಗೇ ಸಡಿಲ ಆಗಬೇಕು, ಮನೆಗೆ ನೀವು ಹೋಗುವುದಿಲ್ಲವಲ್ಲ.

ಇಷ್ಟು ಬರೆದೆ, ಆದರೆ ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಕಾಡಿದ್ದು ಅದರಲ್ಲಿ ಇಲ್ಲದ ಒಂದು ವಿಷಯ. ಅವರು ಮಾತ್ರೆ ಯಾಕೆ ಬಿಟ್ಟರು? ಯಾರಾದರೂ ಕೇಳಿದ್ದೀರಾ? ಕಾಯಿಲೆ ಇದೆ ಅಂತ ಅವರು ಒಪ್ಪುವುದಿಲ್ಲ ಅಂತ ನಾವೇ ಉತ್ತರ ಕೊಟ್ಟುಕೊಂಡು ಸುಮ್ಮನಾಗುತ್ತೇವೆ. ಅದೂ ಇರಬಹುದು. ಆದರೆ ಕಾಲು ಒಂದೆಡೆ ನಿಲ್ಲದೆ ಒಳಗೊಳಗೇ ಚಡಪಡಿಸುವುದಕ್ಕೆ ಮಾತ್ರೆ ಬಿಟ್ಟವರು ಎಷ್ಟೋ ಜನ. ಬೆಳಗ್ಗೆ ಹತ್ತು ಗಂಟೆಯಾದರೂ ಏಳಲಾಗದೆ ಹೊಲದ ಕೆಲಸ ಕೆಟ್ಟಿತು ಅಂತ ಬಿಟ್ಟವರಿದ್ದಾರೆ. ಇನ್ನು ಗಂಡಸರು ಬಾಯಿ ಬಿಟ್ಟು ಹೇಳದ ತೊಂದರೆ, ಲೈಂಗಿಕ ಆಸಕ್ತಿ ಹೋಗುವುದು, ನಿಮಿರುವಿಕೆ ಇಲ್ಲದಿರುವುದು. ತಾಯಿಯ ಮುಂದೆ ಯಾವ ಮಗ ಅದನ್ನು ಹೇಳುತ್ತಾನೆ? ರಿಸ್ಪೆರಿಡೋನ್‌ನಂಥ ಔಷಧಿಗಳಲ್ಲಿ ಇದು ಅಪರೂಪ ಏನಲ್ಲ. ನಿಮ್ಮ ಹತ್ತಿರ ಹೇಳಲು ಸಂಕೋಚ ಆದರೆ ವಾರ್ಡಿನ ಯಾವುದಾದರೂ ಪುರುಷ ನರ್ಸ್ ಅಥವಾ ಡಾಕ್ಟರ್ ಕೇಳಲಿ. ಡೋಸ್ ಕಡಿಮೆ ಮಾಡಬಹುದು, ಔಷಧಿ ಬದಲಿಸಬಹುದು, ಹೊತ್ತು ಬದಲಿಸಬಹುದು. ಈ ಮಾತುಕತೆಯೊಂದು ಆದರೆ ಬೆರೆಸುವ ಪ್ರಶ್ನೆಯೇ ಏಳದೇ ಇರಬಹುದು.

ದಿನಾ ಮಾತ್ರೆ ನುಂಗುವುದೇ ತಲೆನೋವು ಅಂದರೆ ಡಿಪೋ ಇಂಜೆಕ್ಷನ್, ಅಂದರೆ ಒಮ್ಮೆ ಕೊಟ್ಟರೆ ವಾರಗಟ್ಟಲೆ ಕೆಲಸ ಮಾಡುವ ಇಂಜೆಕ್ಷನ್ ಬಗ್ಗೆ ಡಾಕ್ಟರ್ ಅವರ ಜೊತೆ ಮಾತಾಡಲಿ. ಫ್ಲೂಫೆನಜಿನ್ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹ್ಯಾಲೋಪೆರಿಡಾಲ್ ಡೆಕನೋಯೇಟ್ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ. ಇದೂ ಒಪ್ಪಿಗೆಯ ಮೇಲೆಯೇ, ಹಿಡಿದು ಚುಚ್ಚುವುದಕ್ಕಲ್ಲ. ಒಪ್ಪಿದರೆ ತಾಯಿಗೆ ದೊಡ್ಡ ಭಾರ ಇಳಿಯುತ್ತದೆ. ಹೊತ್ತು ಹೊತ್ತಿಗೆ "ಮಾತ್ರೆ ತಗೊಂಡ್ಯಾ, ಬಾಯಿ ತೋರಿಸು" ಅನ್ನುವುದು ತಪ್ಪುತ್ತದೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು 1972ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಪಠ್ಯದಲ್ಲೂ ಬಂದಿರಬಹುದು. ಸದಾ ಟೀಕೆ, ಅತಿಯಾದ ಕಾವಲು ಇರುವ ಮನೆಗೆ ವಾಪಸು ಹೋದವರಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ ಅಂತ ಅವರು ತೋರಿಸಿದ್ದರು.

ತಾಯಿ ಈಗ ಅಟೆಂಡರ್ ಆಗಿ ಅಲ್ಲೇ ಉಳಿದಿದ್ದರೆ ಇನ್ನೂ ಒಳ್ಳೆಯದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಟೆಂಟ್ ಹಾಕಿಸಿ ಮನೆಯವರನ್ನು ರೋಗಿಯ ಜೊತೆ ಇರಿಸಿಕೊಂಡಿದ್ದರು. ನಮ್ಮ ನಿಮ್ಹಾನ್ಸ್‌ನಲ್ಲೂ ಕುಟುಂಬ ಜೊತೆಗಿರುವ ವಾರ್ಡುಗಳಿವೆ. ಮನೆಯವರು ಅಲ್ಲಿ ಇರುವುದು ಬರೀ ಬಟ್ಟೆ ಒಗೆಯಲು, ಬಿಲ್ ಕಟ್ಟಲು ಅಲ್ಲ. ನೀವು ಮಾತ್ರೆ ಕೊಡುವಾಗ ಅವರೂ ನಿಂತು ನೋಡಲಿ. ಮುಂದಿನ ಎರಡು ದಿನ ನಿಮ್ಮ ಮುಂದೆಯೇ ಅವರು ಕೊಡಲಿ. ಮಗ ಬೇಡ ಅಂದರೆ ಏನು ಹೇಳಬೇಕು, ಎಲ್ಲಿ ಸುಮ್ಮನಾಗಬೇಕು ಅನ್ನುವುದು ಅಲ್ಲೇ ರೂಢಿಯಾಗಲಿ.

ಮನೆಗೆ ಹೋದ ಮೇಲೆ ತಾಯಿ ಗಮನಿಸಬೇಕಾದ್ದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಿ, ಡಿಸ್ಚಾರ್ಜ್ ಸಮ್ಮರಿಯ ಇಂಗ್ಲಿಷ್ ಅವರಿಗೆ ಪ್ರಯೋಜನ ಇಲ್ಲ. ನಿದ್ದೆ ಕಡಿಮೆಯಾಗುವುದು, ಸ್ನಾನ ಬಿಡುವುದು, ಬೇರೆಯವರು ಬಡಿಸಿದ್ದನ್ನು ತಿನ್ನದಿರುವುದು. ಆಗ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಕರೆದೊಯ್ಯಬೇಕು ಅಂತ ಮಗನನ್ನೇ ಕೇಳಿ ಅದರಲ್ಲಿ ಬರೆಯಿರಿ. ಅವರಿಗೆ ಇಷ್ಟವಿದ್ದರೆ ಅದನ್ನೇ ಕಾಯ್ದೆಯಲ್ಲಿರುವ ಮುಂಗಡ ನಿರ್ದೇಶನವಾಗಿ (ಮುಂದೆ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವುದು) ಕ್ರಮಬದ್ಧವಾಗಿ ಮಾಡಿಸಬಹುದು, ತಮ್ಮ ಪ್ರತಿನಿಧಿ ಯಾರು ಅಂತಲೂ ಅವರೇ ಹೆಸರಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ನಂಬರ್ 14416 ಹಾಳೆಯ ಮೇಲೆ ದೊಡ್ಡದಾಗಿ ಇರಲಿ, ಅಲ್ಲಿ ಕನ್ನಡದಲ್ಲಿ ಮಾತಾಡುತ್ತಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಅವರ ತಾಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಅಂತ ಡಿಸ್ಚಾರ್ಜ್‌ಗೆ ಮೊದಲೇ ಫೋನ್ ಮಾಡಿ ವಿಚಾರಿಸಿಕೊಡಿ.

ಇನ್‌ಚಾರ್ಜ್ ಸಿಸ್ಟರ್ ಇದಕ್ಕೆ ಗರಂ ಆಗಬಹುದು. ಅವರ ಬೆನ್ನ ಹಿಂದೆ ಡಾಕ್ಟರ್ ಹತ್ತಿರ ಹೋಗಬೇಡಿ, "ನಾನು ಡಾಕ್ಟರಿಗೆ ಹೇಳಬೇಕು ಅಂದುಕೊಂಡಿದ್ದೀನಿ, ನೀವೂ ಬನ್ನಿ" ಅಂತ ಮೊದಲು ಅವರಿಗೇ ಹೇಳಿ. ಬರದಿದ್ದರೆ ನೀವು ಹೋಗಿ. ಡಾಕ್ಟರೇ "ಇರಲಿ ಬಿಡಮ್ಮ, ಎಲ್ಲರೂ ಮಾಡ್ತಾರೆ" ಅಂದರೆ, ಬೆರೆಸುವ ಆದೇಶವನ್ನು ಕೇಸ್ ಶೀಟಿನಲ್ಲಿ ಕೈಬರಹದಲ್ಲಿ ಬರೆದುಕೊಡಿ ಅಂತ ಕೇಳಿ. ಬರೆಯುವವರು ಕಡಿಮೆ.

ಕೆಲಸ ಬಿಡುವ ಮಾತನ್ನು ಈ ಡಿಸ್ಚಾರ್ಜ್ ಮುಗಿಯುವವರೆಗೆ ಪಕ್ಕಕ್ಕಿಡಿ. ಆಮೇಲೂ ಬಿಡಬೇಕು ಅನ್ನಿಸಿದರೆ ಬಿಡಿ, ಮನೋರೋಗ ವಾರ್ಡಿನ ಅನುಭವ ಇರುವ ನರ್ಸುಗಳಿಗೆ ಬೇರೆ ಕಡೆ ಕೆಲಸಕ್ಕೇನೂ ಕೊರತೆ ಇಲ್ಲ. ಆದರೆ ಈ ವಾರ ರಜೆ ಹಾಕಬೇಡಿ.